ಹನ್ನೆರಡು ಮೈಲಿ

ಕಾಳಿ ನದಿ ಕಡಲು ಸೇರುವಲ್ಲಿ, ಮರಳದಂಡೆಯ ಮೇಲೊಂದು ಸಣ್ಣ ಮನೆ. ಅಲ್ಲಿ ಜಟ್ಟಪ್ಪ ತಾಂಡೇಲರು ಇದ್ದರು.

ಎಂಜಿನ್ ಇಲ್ಲದ ಮಚವೆ ಎಂಬ ಸರಕುದೋಣಿಯಲ್ಲಿ, ಬರೀ ಹಾಯಿ ಕಟ್ಟಿಕೊಂಡು, ಮಂಗಳೂರಿನ ಹಂಚನ್ನು ಮುಂಬೈಗೆ ಮುಟ್ಟಿಸುತ್ತಿದ್ದ ಕಾಲದ ತಾಂಡೇಲರು, ಎಂದರೆ ದೋಣಿಯ ನಾಯಕರು. ಈಗ ಎಪ್ಪತ್ತನಾಲ್ಕು ವರ್ಷ. ಓದು ಬರಹ ಗೊತ್ತಿಲ್ಲ. ಕಿವಿ ಮಂದ.

ಅವರ ಬಳಿಗೆ ಒಬ್ಬಳು ಶಿಷ್ಯೆ ಬಂದಳು. ಹೆಸರು ಪ್ರಫುಲ್ಲಾ ಗಾಂವಕರ. ಹತ್ತಿರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಅಕ್ಕೋರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊಣಕಾಲು ಮುರಿದುಕೊಂಡು ಓಟ ಬಿಟ್ಟವಳು ಆಕೆ. ಅಲ್ಲಿಂದ ಇಪ್ಪತ್ತನಾಲ್ಕು ವರ್ಷ ಬೇರೆಯವರ ಮಕ್ಕಳನ್ನು ಓಡಿಸಿದಳು, ಸೀಟಿ ಊದಿದಳು, ಗೆದ್ದವರ ಹೆಸರು ಬರೆದಳು. ಊಟಕ್ಕೆ ಕೂತರೂ ಕಾಲು ಅಲ್ಲಾಡಿಸುತ್ತಲೇ ಇರುತ್ತಿದ್ದಳು. ನಲವತ್ತು ದಾಟಿದ ಮೇಲೆ ಊರಿನ ಹಾಯಿದೋಣಿ ಕ್ಲಬ್ಬು ಸೇರಿದಳು. ದೋಣಿಗೆ ಮೊಣಕಾಲಿನ ಹಂಗಿರಲಿಲ್ಲ.

"ಒಂದು ಸ್ಪರ್ಧೆ ಇದೆ, ತಾಂಡೇಲರೇ," ಎಂದಳು ಮೊದಲ ದಿನವೇ. "ಕಾರವಾರದಿಂದ ಹೊರಟು, ಲಕ್ಷದ್ವೀಪದ ಕೊನೆಯ ದ್ವೀಪ ಸುತ್ತಿಕೊಂಡು ಮತ್ತೆ ಕಾರವಾರಕ್ಕೆ. ಹಾಯಿಯಲ್ಲೇ ಹೋಗಿ ಬರಬೇಕು. ಹವ್ಯಾಸಿಗಳಿಗೆ ಮಾತ್ರ. ನನಗೆ ಕಡಲು ಕಲಿಸಿ."

"ಎಷ್ಟು ದಿನ ಇದೆ?"

"ಎರಡು ವರ್ಷ."

ತಾಂಡೇಲರು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ತಲೆ ಎತ್ತಲಿಲ್ಲ. "ನಾಳೆ ಬಾ, ತಂಗಿ," ಎಂದರು.

ಊರೆಲ್ಲ ಅವಳನ್ನು ಅಕ್ಕೋರೆ ಎಂದು ಕರೆಯುತ್ತಿತ್ತು. ತಂಗಿ ಎಂದು ಕರೆಸಿಕೊಂಡು ಅವಳಿಗೆ ಬಹಳ ಕಾಲವಾಗಿತ್ತು.

ಎರಡು ವರ್ಷ ಕಲಿತಳು. ಹಾಯಿ ಏರಿಸುವುದು, ಇಳಿಸುವುದು, ಮೋಡ ನೋಡುವುದು, ನೀರಿನ ಬಣ್ಣ ನೋಡುವುದು. ಏನು ಕೇಳಿದರೂ ತಾಂಡೇಲರು ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ಒಂದೇ ಒಂದು ಪ್ರಶ್ನೆಗೆ ಅವಳಿಗೆ ಬೇಕಾದ ಉತ್ತರ ಸಿಗಲಿಲ್ಲ.

"ಗಾಳಿ ಪೂರ್ತಿ ನಿಂತುಬಿಟ್ಟರೆ ಎಂತ ಮಾಡಬೇಕು?"

"ಗಾಳಿ ನಿಂತರೆ ಗಾಳಿ ಇಲ್ಲ."

"ಅದು ಗೊತ್ತು. ನಾವು ಎಂತ ಮಾಡಬೇಕು?"

"ಅದನ್ನೇ ಹೇಳಿದೆ," ಎಂದರು ತಾಂಡೇಲರು.

ಜಾರಿಕೊಳ್ಳುತ್ತಿದ್ದಾರೆ ಎಂದುಕೊಂಡಳು ಪ್ರಫುಲ್ಲಾ.

ಸ್ಪರ್ಧೆಯಲ್ಲಿ ದೋಣಿಗೆ ಇಬ್ಬರು ಇರಬೇಕಿತ್ತು. ಎರಡನೆಯವರಾಗಿ ನೀವೇ ಬನ್ನಿ ಎಂದು ಗಂಟುಬಿದ್ದಳು. "ಸಂಬಳಕ್ಕೆ ದೋಣಿ ನಡೆಸುವವರು ಬರುವ ಹಾಗಿಲ್ಲ ಅಂತ ನಿಯಮ ಇದೆ," ಎಂದೂ ಅನುಮಾನಿಸುತ್ತ ಹೇಳಿದಳು.

"ನನಗೆ ಸಂಬಳ ಕೊಡುತ್ತಿದ್ದ ಸಾಹುಕಾರ ಸತ್ತು ಮೂವತ್ತು ವರ್ಷ ಆಯ್ತು," ಎಂದು ನಕ್ಕರು ತಾಂಡೇಲರು. ಒಂದು ಕಂಬಳಿ, ಎಲೆಯಡಿಕೆ ಸಂಚಿ ಹಿಡಿದು ಹೊರಟರು.

ಫೆಬ್ರವರಿಯ ಒಂದು ಬೆಳಿಗ್ಗೆ ಏಳು ದೋಣಿಗಳು ಹೊರಟವು. ಮುಂಬೈನ ಇಬ್ಬರು ಹಲ್ಲಿನ ಡಾಕ್ಟರರದೊಂದು. ಕೊಚ್ಚಿಯ ಬ್ಯಾಂಕ್ ಮ್ಯಾನೇಜರು ಮತ್ತು ಅವರ ಮಗಳದೊಂದು. ಗೋವಾದ ಹೋಟೆಲಿನಲ್ಲಿ ಅಡುಗೆ ಮಾಡುವ ಅಣ್ಣತಮ್ಮಂದಿರದೊಂದು. ಹೀಗೆ. ಪ್ರಫುಲ್ಲಾಳದು ಕ್ಲಬ್ಬಿನ ಹಳೆಯ ದೋಣಿ, ಹೆಸರು ಬೆಳ್ಳಕ್ಕಿ.

ಹೊರಡುವ ಮೊದಲು ಅಧಿಕಾರಿಗಳು ಪ್ರತಿ ದೋಣಿಯ ಎಂಜಿನ್ನಿಗೂ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದರು. ಜೀವಕ್ಕೆ ಅಪಾಯ ಬಂದರೆ ಮಾತ್ರ ಅದನ್ನು ಮುರಿಯಬಹುದು. ದಿನಕ್ಕೆರಡು ಬಾರಿ ಉಪಗ್ರಹ ಫೋನಿನಲ್ಲಿ ದೋಣಿ ಎಲ್ಲಿದೆ ಎಂದು ತಿಳಿಸಬೇಕು. ಶಾಲೆಯ ಮಕ್ಕಳು ಗೋಡೆಯ ಮೇಲೆ ನಕ್ಷೆ ಅಂಟಿಸಿ, ತಮ್ಮ ಅಕ್ಕೋರ ದೋಣಿಗೆ ಕೆಂಪು ಗುಂಡುಪಿನ್ನು ಇಟ್ಟುಕೊಂಡಿದ್ದರು.

ಹೋಗುವಾಗ ಗಾಳಿ ಹಿಂದಿನಿಂದ ಬಂತು. ನಾಲ್ಕೇ ದಿನಕ್ಕೆ ದ್ವೀಪ ಸುತ್ತಿದರು. ಬೆಳ್ಳಕ್ಕಿ ಮೂರನೆಯ ಸ್ಥಾನದಲ್ಲಿತ್ತು.

ಮರಳುವಾಗ, ಐದನೆಯ ದಿನ ಬೆಳಿಗ್ಗೆ, ಗಾಳಿ ನಿಂತಿತು.

ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ನೀರು ಎಣ್ಣೆಯಂತೆ ಹೊಳೆಯಿತು. ಪ್ರಫುಲ್ಲಾ ತಿಂದು ಎಸೆದ ಬಾಳೆಹಣ್ಣಿನ ಸಿಪ್ಪೆ ಎರಡು ತಾಸಾದರೂ ದೋಣಿಯ ಪಕ್ಕದಲ್ಲೇ ತೇಲುತ್ತಿತ್ತು.

ಅವಳು ಹಾಯಿಯ ಹಗ್ಗ ಬಿಗಿದಳು. ಸಡಿಲಿಸಿದಳು. ಮತ್ತೆ ಬಿಗಿದಳು. ಮುಂದಕ್ಕೆ ಹೋಗಿ ಕೂತಳು, ಹಿಂದಕ್ಕೆ ಬಂದು ಕೂತಳು. ಬಟ್ಟೆ ಒಗೆದಳು. ಒಗೆದದ್ದನ್ನೇ ಮತ್ತೆ ಒಗೆದಳು.

"ಬೇರೆಯವರಿಗೆ ಗಾಳಿ ಸಿಕ್ಕಿರಬಹುದಾ?" ಎಂದು ಕೇಳಿದಳು.

"ಇರಬಹುದು."

"ಇಲ್ಲದೆಯೂ ಇರಬಹುದು, ಅಲ್ಲವಾ?"

"ಇಲ್ಲದೆಯೂ ಇರಬಹುದು."

"ನಿಮಗೆ ಏನೂ ಅನ್ನಿಸೋದಿಲ್ಲವಾ?"

ತಾಂಡೇಲರು ಯೋಚಿಸಿದರು. "ಹಸಿವಾಗ್ತದೆ," ಎಂದರು.

ಆ ಸಂಜೆ ಸ್ಪರ್ಧೆಯ ಕಚೇರಿಗೆ ಫೋನ್ ಮಾಡಿದಾಗ ಕಾಮತರು ಎಂಬ ಅಧಿಕಾರಿ ಹೇಳಿದರು: ಹಿಂದೆ ಇದ್ದ ಕೊಚ್ಚಿಯವರು ಬೇರೆ ದಾರಿ ಹಿಡಿದು ಮುಂದೆ ಹೋಗಿದ್ದಾರೆ. ಬೆಳ್ಳಕ್ಕಿ ಈಗ ನಾಲ್ಕನೆಯದು.

ಆರನೆಯ ದಿನವೂ ಗಾಳಿ ಬರಲಿಲ್ಲ.

ಮಧ್ಯಾಹ್ನ ತಾಂಡೇಲರು ಇಳಿಸಿದ ಹಾಯಿಯ ನೆರಳಲ್ಲಿ, ದೋಣಿಯ ಮೂತಿಯ ಕಡೆ ಹೋಗಿ ಮಲಗಿದರು. ಅವರ ಮುಖದ ಮೇಲೆ ಟವೆಲ್ ಇತ್ತು. ಎದೆ ಏರುತ್ತ ಇಳಿಯುತ್ತಿತ್ತು.

ಪ್ರಫುಲ್ಲಾ ಸ್ವಲ್ಪ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಎಂಜಿನ್ನಿನ ಮುಚ್ಚಳ ತೆಗೆದು ತಂತಿಯನ್ನು ನೋಡಿದಳು. ಮುದ್ರೆ ಮುರಿಯಬೇಕೆಂದೇ ಇರಲಿಲ್ಲ. ತಂತಿ ಸಡಿಲವಾಗಿತ್ತು. ಇಕ್ಕಳದಿಂದ ಮೆಲ್ಲನೆ ಜಗ್ಗಿದರೆ ಜಾರಿ ಹೊರಬರುತ್ತಿತ್ತು. ಹಾಗೆಯೇ ಜಾರಿಸಿ ಒಳಗೆ ಹಾಕಬಹುದಿತ್ತು.

ಎಂಜಿನ್ ಶುರುಮಾಡಿ ಮೂತಿಯ ಕಡೆ ನೋಡಿದಳು. ತಾಂಡೇಲರು ಅಲುಗಲಿಲ್ಲ. ಅವರ ಕಿವಿ ಮಂದವಾಗಿರುವುದು ಒಳ್ಳೆಯದೇ ಆಯಿತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಎಂಜಿನ್ ನಿಲ್ಲಿಸಲಿಲ್ಲ.

ಎರಡೂವರೆ ತಾಸು. ಹನ್ನೆರಡು ಮೈಲಿ.

ಆಮೇಲೆ ದೂರದಲ್ಲಿ ನೀರು ಕಪ್ಪಾಗುತ್ತ ಬರುವುದು ಕಂಡಿತು. ಗಾಳಿ! ಎಂಜಿನ್ ನಿಲ್ಲಿಸಿ, ತಂತಿಯನ್ನು ಮೊದಲಿದ್ದಂತೆಯೇ ಸೇರಿಸಿ, ಹಾಯಿ ಏರಿಸಲು ಹೋದಳು.

ತಾಂಡೇಲರು ಎದ್ದು ಕೂತು ಮುಖ ಒರೆಸಿಕೊಂಡರು.

"ಗಾಳಿ ಬಂತಾ?"

"ಬಂತು," ಎಂದಳು ಪ್ರಫುಲ್ಲಾ.

ಅವರು ಅವಳ ಜೊತೆ ಕೈಹಾಕಿ ಹಾಯಿ ಏರಿಸಿದರು. ಬೇರೇನೂ ಕೇಳಲಿಲ್ಲ.

ಸಂಜೆ ಕಾಮತರ ದನಿ ಖುಷಿಯಲ್ಲಿತ್ತು. "ಅಕ್ಕೋರೆ, ಎಂತ ಮಾಡಿದ್ರಿ ನೀವು! ಎಲ್ಲರೂ ಸಿಕ್ಕಿಬಿದ್ದಿದ್ದಾರೆ, ನೀವೊಬ್ಬರೇ ಬಂದ್ರಿ. ಎರಡನೆಯವರು ಈಗ! ನಿಮ್ಮ ಶಾಲೆಗೂ ಹೇಳಿದೆ. ಮಕ್ಕಳು ಕುಣೀತಿದ್ದಾರಂತೆ."

ಫೋನ್ ಇಟ್ಟ ಮೇಲೆ ಪ್ರಫುಲ್ಲಾ ದೋಣಿಯ ದಿನಚರಿಯ ಲಾಗ್ ಪುಸ್ತಕ ಬರೆದಳು. ದಿನವೂ ಬರೆದದ್ದನ್ನು ಅವಳು ತಾಂಡೇಲರಿಗೆ ಓದಿ ಹೇಳಬೇಕಿತ್ತು. ಅದೊಂದು ರೂಢಿಯಾಗಿತ್ತು.

"ಹನ್ನೆರಡೂವರೆಯಿಂದ ಮೂರರ ತನಕ," ಎಂದು ಓದಿದಳು, "ಪಡುವಣ ಗಾಳಿ. ಸಾಧಾರಣ."

"ಇನ್ನೊಮ್ಮೆ ಓದು."

ಓದಿದಳು.

"ನಾನು ಮಲಗಿದ್ದೆ," ಎಂದರು ತಾಂಡೇಲರು. "ಒಂದು ಗಾಳಿ ಬಂದು ಹೋಯ್ತು, ನನಗೆ ಗೊತ್ತೇ ಆಗಲಿಲ್ಲ. ಹೇಗಿತ್ತು ಹೇಳು ತಂಗಿ, ಆ ಗಾಳಿ."

ಪ್ರಫುಲ್ಲಾ ಪುಸ್ತಕ ಮುಚ್ಚಿದಳು. "ಹೇಗೆ ಅಂದರೆ... ತಣ್ಣಗಿತ್ತು."

"ಒಂದೇ ಸಮ ಬೀಸಿತಾ, ಬಿಟ್ಟು ಬಿಟ್ಟು ಬೀಸಿತಾ?"

"ಬಿಟ್ಟು ಬಿಟ್ಟು."

"ವಾಸನೆ ಎಂತದಾದರೂ ಇತ್ತಾ?"

"ಇಲ್ಲ. ಹ್ಞಾಂ... ಸ್ವಲ್ಪ ಮಳೆಯ ವಾಸನೆ."

"ನೀರು ಯಾವ ಬಣ್ಣಕ್ಕೆ ತಿರುಗಿತು?"

ಅವಳು ಬಣ್ಣ ಹೇಳಿದಳು. ಅಲೆ ಹೇಗೆ ಮುರಿಯಿತು ಎಂದು ಹೇಳಿದಳು. ಎರಡು ಹಕ್ಕಿಗಳನ್ನೂ ಹಾರಿಸಿದಳು. ತಾಂಡೇಲರು ಮುಂದಕ್ಕೆ ಬಾಗಿ, ಕೇಳುವ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಒಂದು ಮಾತೂ ಬಿಡದಂತೆ ಕೇಳಿದರು.

"ಒಳ್ಳೇ ಗಾಳಿ," ಎಂದರು ಕೊನೆಗೆ. "ನನ್ನ ಆಯುಷ್ಯದಲ್ಲಿ ಅಂಥದ್ದು ಕಂಡಿಲ್ಲ."

ಆ ರಾತ್ರಿ ಅವಳ ಕಣ್ಣು ಮುಚ್ಚಲಿಲ್ಲ.

ಬೆಳಗಾಗುವ ಹೊತ್ತಿಗೆ ಬೆಳ್ಳಕ್ಕಿ ಇನ್ನೂ ಇಪ್ಪತ್ತೈದು ಮೈಲಿ ಮುಂದೆ ಬಂದಿತ್ತು. ಗಾಳಿ ಚೆನ್ನಾಗಿತ್ತು. ದೋಣಿ ಒಂದೇ ಸಮನೆ ಓಡುತ್ತಿತ್ತು. ಎರಡು ವರ್ಷ ಅವಳು ಕನಸು ಕಂಡದ್ದು ಇಂಥ ಓಟವನ್ನೇ. ಈಗ ಅದು ಮೈಗೆ ಹತ್ತಲಿಲ್ಲ.

ಅವಳಿಗೆ ಸುಕ್ರಿಯ ನೆನಪಾಯಿತು. ಹಿಂದಿನ ವರ್ಷ ತಾಲೂಕು ಕ್ರೀಡಾಕೂಟದಲ್ಲಿ ಇನ್ನೂರು ಮೀಟರ್ ಓಟ ಗೆದ್ದ ಅವಳದೇ ಶಾಲೆಯ ಹುಡುಗಿ. ತಿರುವಿನಲ್ಲಿ ಅವಳ ಪಾದ ಪಕ್ಕದ ಗೆರೆಯೊಳಗೆ ಹೋದದ್ದನ್ನು ಬೇರೆ ಯಾರೂ ನೋಡಿರಲಿಲ್ಲ, ಪ್ರಫುಲ್ಲಾ ನೋಡಿದ್ದಳು. ತಾನೇ ಹೋಗಿ ತೀರ್ಪುಗಾರರಿಗೆ ಹೇಳಿ, ಹುಡುಗಿಯ ಹೆಸರು ತೆಗೆಸಿದ್ದಳು. ಸುಕ್ರಿ ಬಂದು, "ನಂಗೆ ಗೊತ್ತಾಗಲಿಲ್ಲ ಅಕ್ಕೋರೆ, ಓಡುವಾಗ ಗೊತ್ತಾಗೋದಿಲ್ಲ," ಎಂದು ಬಿಕ್ಕಿದ್ದಳು.

ಆ ಹುಡುಗಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ತಾಂಡೇಲರು ಅವಲಕ್ಕಿ ಕಲಸಿ ತಟ್ಟೆ ಮುಂದಿಟ್ಟರು. ಪ್ರಫುಲ್ಲಾ ತಟ್ಟೆ ಮುಟ್ಟಲಿಲ್ಲ.

"ತಾಂಡೇಲರೇ, ನಿನ್ನೆ ಗಾಳಿ ಇರಲಿಲ್ಲ."

ಅವರು ಅಗಿಯುತ್ತಿದ್ದರು.

"ಎಂಜಿನ್ ಹಾಕಿದೆ. ಎರಡೂವರೆ ತಾಸು. ಪುಸ್ತಕದಲ್ಲಿ ಸುಳ್ಳು ಬರೆದೆ. ನಿಮಗೂ ಸುಳ್ಳು ಹೇಳಿದೆ."

ತಾಂಡೇಲರು ಬಾಯಲ್ಲಿದ್ದದ್ದನ್ನು ನುಂಗಿದರು. ನೀರು ಕುಡಿದರು.

"ಈಗ ನಾನು ಎಂತ ಮಾಡಲಿ?"

"ಅವಲಕ್ಕಿ ತಿನ್ನು."

ಅವಳು ತಿನ್ನಲಿಲ್ಲ. ಫೋನ್ ತೆಗೆದುಕೊಂಡು ಕಾಮತರಿಗೆ ಎಲ್ಲವನ್ನೂ ಹೇಳಿದಳು. ತಂತಿ ಜಾರಿಸಿದ್ದು, ಎಷ್ಟು ಹೊತ್ತು, ಎಷ್ಟು ಮೈಲಿ, ಎಲ್ಲವನ್ನೂ.

ಕಾಮತರು ಮೈಲಿಯ ಲೆಕ್ಕವನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು.

"ಅಕ್ಕೋರೆ," ಎಂದರು ಕಾಮತರು, "ನೀವು ಹೇಳದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಹೇಳಿದ ಮೇಲೆ ನಾನು ಸುಮ್ಮನಿರಲಿಕ್ಕೆ ಆಗೋದಿಲ್ಲ. ನಿಮ್ಮ ಹೆಸರು ತೆಗೀಬೇಕು."

"ತೆಗೀರಿ."

"ಇನ್ನು ನಿಮಗೆ ನಿಯಮ ಏನಿಲ್ಲ. ಎಂಜಿನ್ ಹಾಕಿಕೊಂಡೇ ಬನ್ನಿ, ಬೇಗ ಮನೆ ಸೇರಿ. ಶಾಲೆಗೆ ನಾನು ಏನಾದರೂ ಹೇಳ್ತೇನೆ. ದೋಣಿ ಕೆಟ್ಟಿತು ಅಂತ..."

"ಬೇಡ. ಆದದ್ದನ್ನೇ ಹೇಳಿ. ಸುಕ್ರಿ ಅಂತ ಒಬ್ಬಳು ಹುಡುಗಿ ಇದ್ದಾಳೆ, ಅವಳಿಗೂ ಗೊತ್ತಾಗಲಿ."

ಫೋನ್ ಇಟ್ಟಳು. ಮುಗಿಯಿತು ಎಂದುಕೊಂಡಳು. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ರಾತ್ರಿಯೆಲ್ಲ ನೆಚ್ಚಿಕೊಂಡಿದ್ದಳು. ಹಗುರಾಗಲಿಲ್ಲ. ಎದ್ದು ನಿಂತಳು. ಕೂತಳು. ಮತ್ತೆ ಎದ್ದು ಹಿಂದಕ್ಕೆ, ಬಂದ ದಾರಿಯ ಕಡೆಗೆ ನೋಡಿದಳು. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

"ಅಲ್ಲಿ ಹನ್ನೆರಡು ಮೈಲಿ ಹಾಯಿಯಲ್ಲಿ ದಾಟದೆ ಹಾಗೇ ಉಳೀತು," ಎಂದಳು.

"ಹೌದು."

"ಹೆಸರು ತೆಗೆದಾಯ್ತು. ಈಗ ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ."

"ಏನೂ ಇಲ್ಲ."

"ಅಲ್ಲಿಗೆ ಮೂವತ್ತೇಳು ಮೈಲಿ ಹಿಂದೆ ಹೋಗಬೇಕು."

ತಾಂಡೇಲರು ಎದ್ದು ಹೋಗಿ ಕುಡಿಯುವ ನೀರಿನ ಕ್ಯಾನುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು.

"ಎಂಟು ದಿನಕ್ಕೆ ಸಾಕು," ಎಂದರು.

ಪ್ರಫುಲ್ಲಾ ಚುಕ್ಕಾಣಿ ತಿರುಗಿಸಿದಳು.

ಮುಂದಿನಿಂದ ಬರುತ್ತಿದ್ದ ಗಾಳಿ ಈಗ ಬೆನ್ನಿಗಾಯಿತು. ದೋಣಿ ಹಾರುವ ಹಾಗೆ ಓಡಿತು. ಹಿಂದಕ್ಕೆ ಹೋಗುವುದು ಇಷ್ಟು ಸಲೀಸು ಎಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋವಾದ ಅಣ್ಣತಮ್ಮಂದಿರ ದೋಣಿ ಎದುರಿನಿಂದ ಬಂತು.

"ಅಕ್ಕಾ, ದಾರಿ ತಪ್ಪಿದ್ರಾ?" ಎಂದು ಅಣ್ಣ ಕೂಗಿದ. "ಕಾರವಾರ ಆ ಕಡೆ!"

"ಗೊತ್ತು," ಎಂದು ಕೂಗಿದಳು. "ಒಂದು ಕೆಲಸ ಬಿಟ್ಟು ಬಂದಿದ್ದೆ!"

ಅವರಿಗೆ ಅರ್ಥವಾಗಲಿಲ್ಲ. ಕೈ ಬೀಸಿ ಹೋದರು.

ಎಂಜಿನ್ ಹಾಕಿದ ಜಾಗಕ್ಕೆ ಇನ್ನು ಮೂರು ಮೈಲಿ ಇರುವಾಗ ಗಾಳಿ ಸತ್ತಿತು.

ಮತ್ತೆ ಅದೇ ಎಣ್ಣೆಯಂಥ ನೀರು. ಅದೇ ಜೋತುಬಿದ್ದ ಹಾಯಿ. ಪ್ರಫುಲ್ಲಾ ನಕ್ಕಳು. ನಗು ಅಳುವಿನ ಹಾಗೆ ಕೇಳಿಸಿತು.

ಮೂರು ಮೈಲಿ ಸಾಗಲು ಮರುದಿನ ಮಧ್ಯಾಹ್ನದವರೆಗೆ ಬೇಕಾಯಿತು. ನೀರಿನ ಸೆಳೆತ ಸ್ವಲ್ಪ ಕೊಂಡೊಯ್ದಿತು, ಆಗಾಗ ಬಂದ ಒಂದೊಂದು ಉಸಿರು ಗಾಳಿ ಸ್ವಲ್ಪ. ಜಿಪಿಎಸ್ ಪರದೆಯ ಮೇಲಿನ ಅಂಕಿಗಳು ಆ ಜಾಗದ ಅಂಕಿಗಳಿಗೆ ಹೊಂದಿದಾಗ ಅವಳು ಸುತ್ತ ನೋಡಿದಳು. ಗುರುತಿಸುವಂಥದ್ದು ಏನೂ ಇರಲಿಲ್ಲ.

"ಇದೇ ಜಾಗ," ಎಂದಳು.

"ಸರಿ."

"ಇನ್ನು ಗಾಳಿ ಬರುವವರೆಗೆ ಕೂರಬೇಕು."

"ಕೂರುವಾ."

ಹಾಯಿ ಇಳಿಸಿ ಕೂತರು. ಬಿಸಿಲು ಸುಡುತ್ತಿತ್ತು. ಅವಳ ಕಾಲು ತಾನಾಗಿ ಅಲ್ಲಾಡತೊಡಗಿತು. ಕೈಯಿಂದ ಹಿಡಿದು ನಿಲ್ಲಿಸಿದಳು. ಕೈ ತೆಗೆದರೆ ಮತ್ತೆ ಅಲ್ಲಾಡುತ್ತಿತ್ತು. ಎಂಜಿನ್ನಿನ ಮುಚ್ಚಳದ ಕಡೆಗೆ ಕಣ್ಣು ಹೋಯಿತು. ಈಗ ಅದನ್ನು ಹಾಕಬೇಡ ಎನ್ನುವವರು ಯಾರೂ ಇರಲಿಲ್ಲ. ಕಾಮತರೇ ಹಾಕಿ ಎಂದಿದ್ದರು.

"ನೀವು ಹೇಗೆ ಕೂರ್ತಿದ್ರಿ?" ಎಂದು ಕೇಳಿದಳು. "ಮಚವೆಯಲ್ಲಿ? ನಿಮಗೆ ಹುಚ್ಚು ಹಿಡೀತಿರಲಿಲ್ಲವಾ?"

ತಾಂಡೇಲರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ನಿಂತಿತು.

"ಒಮ್ಮೆ ಹತ್ತೊಂಬತ್ತು ದಿನ ಗಾಳಿ ಇರಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ. ಹೊಸದಾಗಿ ತಾಂಡೇಲ ಆಗಿದ್ದೆ. ದೋಣಿಯಲ್ಲಿ ಬೀರ ಅಂತ ಒಬ್ಬ ಖಲಾಸಿ ಇದ್ದ. ಯಾವಾಗಲೂ ಹಾಡು ಗುನುಗ್ತಿದ್ದ. ಹದಿನೇಳನೆಯ ದಿನ ನಾನು ಅವನಿಗೆ ಹೊಡೆದೆ."

"ಯಾಕೆ?"

"ಗಾಳಿ ಬರಲಿಲ್ಲ ಅಂತ."

ಪ್ರಫುಲ್ಲಾ ಅವರ ಮುಖ ನೋಡಿದಳು.

"ಆಮೇಲೆ?"

"ಆಮೇಲೆ ಎರಡು ದಿನಕ್ಕೆ ಗಾಳಿ ಬಂತು. ಮುಂಬೈ ಮುಟ್ಟಿದೆವು. ಬೀರ ಗಂಟು ಎತ್ತಿಕೊಂಡು ಇಳಿದು ಹೋದ. ನಾನು ಹಿಂದಿನಿಂದ ಕರೆಯಲಿಲ್ಲ. ಬೇಗ ಹಂಚು ಇಳಿಸಬೇಕಿತ್ತಲ್ಲ."

"ಮತ್ತೆ ಸಿಗಲಿಲ್ಲವಾ?"

"ಹುಡುಕಿದೆ. ಆಗ ತಡವಾಗಿತ್ತು."

ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

"ತಾಂಡೇಲರೇ, ನಾನು ಎಂಜಿನ್ ಹಾಕಿದಾಗ ನೀವು ನಿದ್ದೆ ಮಾಡಿದ್ರಾ?"

"ದೋಣಿ ನನ್ನ ಬೆನ್ನ ಕೆಳಗೆ ನಡುಗುತ್ತಿತ್ತು. ನಡುಗುವ ದೋಣಿಯಲ್ಲಿ ನನಗೆ ನಿದ್ದೆ ಬರೋದಿಲ್ಲ."

"ಹಾಗಾದರೆ ಎದ್ದು ಬಂದು ಯಾಕೆ ತಡೆಯಲಿಲ್ಲ?"

"ತಡೆದಿದ್ದರೆ ಎಂಜಿನ್ ಮಾತ್ರ ನಿಲ್ತಿತ್ತು," ಎಂದರು ತಾಂಡೇಲರು.

ಪ್ರಫುಲ್ಲಾ ಎಂಜಿನ್ನಿನ ಮುಚ್ಚಳಕ್ಕೆ ಬೆನ್ನು ಮಾಡಿ ಕೂತಳು.

ಸಂಜೆಯಾಯಿತು, ಬೆಳಗಾಯಿತು. ಮತ್ತೊಂದು ಮಧ್ಯಾಹ್ನವಾಯಿತು. ಅವಳು ಹಾಯಿಯ ಹಗ್ಗ ಮುಟ್ಟಲಿಲ್ಲ. ಕಾಲು ಅಲ್ಲಾಡುತ್ತಿತ್ತು, ಅಲ್ಲಾಡಲಿ ಎಂದು ಬಿಟ್ಟಳು. ಮುಂಬೈನ ಡಾಕ್ಟರರು ಮೊದಲು ಬಂದು ಮುಟ್ಟಿದರು ಎಂದು ಕಾಮತರು ತಿಳಿಸಿದಾಗ, ಅವರಿಗೆ ನನ್ನ ಅಭಿನಂದನೆ ಹೇಳಿ ಎಂದಳು. ಅಸೂಯೆಯಾಯಿತು. ಅದನ್ನೂ ಇರಲಿ ಎಂದು ಬಿಟ್ಟಳು.

ಮೂರನೆಯ ದಿನ ಬಿಸಿಲೇರಿದ ಮೇಲೆ ಅವಳ ಎಡಗೆನ್ನೆಗೆ ಏನೋ ತಾಗಿತು.

ಅವಳು ತಿರುಗಿ ನೋಡಿದಳು. ಪಡುವಣದಲ್ಲಿ ನೀರು ಇನ್ನೂ ಹೊಳೆಯುತ್ತಲೇ ಇತ್ತು. ಆದರೂ ಎದ್ದು, ಅವಸರವಿಲ್ಲದೆ, ಹಾಯಿ ಏರಿಸಿದಳು. ತಾಂಡೇಲರು ಕೈಹಾಕಲು ಬರಲಿಲ್ಲ. ನೋಡುತ್ತ ಕೂತರು. ಹಾಯಿ ಪೂರ್ತಿ ಮೇಲೇರುವ ಹೊತ್ತಿಗೆ ಗಾಳಿ ಬಂದು ಅದರಲ್ಲಿ ತುಂಬಿತು.

ಆ ಹನ್ನೆರಡು ಮೈಲಿ ದಾಟಲು ಐದು ತಾಸು ಹಿಡಿಯಿತು. ಲಾಗ್ ಪುಸ್ತಕದಲ್ಲಿ ಸುಳ್ಳು ಬರೆದಿದ್ದ ಸಾಲಿಗೆ ಅಡ್ಡ ಗೆರೆ ಎಳೆದು, ನಡೆದದ್ದನ್ನು ಅದರ ಕೆಳಗೆ ಬರೆದಳು. ಬರೆದದ್ದನ್ನು ತಾಂಡೇಲರಿಗೆ ಗಟ್ಟಿಯಾಗಿ ಓದಿದಳು. ಅವರು ತಲೆಯಾಡಿಸಿದರು.

ಮುಂದೆ ಮೂರು ದಿನದ ದಾರಿ ಇತ್ತು. ದಡದಲ್ಲಿ ಕಾಯುವವರು ಯಾರೂ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಚುಕ್ಕಾಣಿಯ ಮೇಲೆ ಕೈಯಿಟ್ಟು ಕೂತಳು.

ತಾಂಡೇಲರು ಎದ್ದರು. ಇಷ್ಟು ದಿನವೂ ಅವರು ಮಲಗಿದ್ದು ಬಯಲಲ್ಲೇ, ಒಂದು ಕೈ ಹಾಯಿಯ ಹಗ್ಗದ ಮೇಲಿಟ್ಟು, ಅರ್ಧ ತಾಸಿಗೊಮ್ಮೆ ಕಣ್ಣು ಬಿಡುತ್ತ. ಈಗ ಕಂಬಳಿ ಹೆಗಲಿಗೆ ಹಾಕಿಕೊಂಡು, ಮೊದಲ ಬಾರಿಗೆ, ದೋಣಿಯ ಒಳಗಿನ ಕೋಣೆಯ ಮೆಟ್ಟಿಲು ಇಳಿದರು.

"ಗಾಳಿ ಬದಲಾದರೆ ಕರೆಯಲಾ?" ಎಂದು ಕೇಳಿದಳು ಪ್ರಫುಲ್ಲಾ.

"ಕಾರವಾರ ಬಂದ ಮೇಲೆ ಎಬ್ಬಿಸು," ಎಂದರು ತಾಂಡೇಲರು.